ಸ್ಮೃತಿಯೂ ಪರಿಗ್ರಹವೇ?

ವ್ರತಕ್ಕೆ ಉದ್ಯಾಪನೆಯುಂಟು, ಉಪವಾಸಕ್ಕೆ ಪಾರಣೆಯುಂಟು. ಯಾತ್ರೆಗೆ ಮಾತ್ರ ಅಂತಹ ನಿಶ್ಚಿತವಾದ ಮುಕ್ತಾಯವಿಲ್ಲ. ಗೃಹಸ್ಥನು ತೀರ್ಥಕ್ಷೇತ್ರದಿಂದ ಮನೆಗೆ ಮರಳಿ, ಹಾಸಿಗೆಯ ಗಂಟನ್ನು ಬಿಚ್ಚಿ, ಬಂಧುಗಳಿಗೆ ಮಾರ್ಗದ ಸಮಾಚಾರವನ್ನೆಲ್ಲ ಹೇಳಿ ಮುಗಿಸಿದ ಮೇಲೂ ಯಾತ್ರೆಯು ಅವನೊಳಗೆ ನಡೆಯುತ್ತಲೇ ಇರುತ್ತದೆ. ಹಿಂದೆ ಅದು ನೆನಪಿನಲ್ಲಿ ನಡೆಯುತ್ತಿತ್ತು. ಈಗ ಛಾಯಾಚಿತ್ರಗಳಲ್ಲಿಯೂ ನಡೆಯುತ್ತದೆ. ಹೀಗೆ ಉಳಿದುಕೊಂಡದ್ದು ಆತ್ಮಕ್ಕೆ ಲಾಭವೋ ಅಥವಾ ಹೊರೆಯೋ ಎಂಬ ಪ್ರಶ್ನೆಯು ಸಾಮಾನ್ಯವಾಗಿ ಯಾರಿಗೂ ಏಳುವುದಿಲ್ಲ. ಅದು ಏಳುವುದು ಯಾರಾದರೂ ಒಂದು ವ್ರತವನ್ನು ನಿಜವಾಗಿ ಸ್ವೀಕರಿಸಲು ಹೊರಟಾಗ.

ಕರ್ನಾಟಕದ ದಿಗಂಬರ ಜೈನ ಕುಟುಂಬಗಳಿಗೆ ಸಮ್ಮೇದ ಶಿಖರಜಿಯ ವಂದನೆಯು ಬಹುಕಾಲ ಕನಸಾಗಿಯೇ ಇದ್ದಿತು. ಇಪ್ಪತ್ತು ತೀರ್ಥಂಕರರು ಮುಕ್ತಿಯನ್ನು ಪಡೆದ ಆ ಗಿರಿಯು ಇಂದಿನ ಜಾರ್ಖಂಡ ರಾಜ್ಯದ ಗಿರಿಡೀಹ ಜಿಲ್ಲೆಯಲ್ಲಿದೆ. 2000ನೆಯ ಇಸವಿಯವರೆಗೆ ಅದು ಬಿಹಾರಕ್ಕೆ ಸೇರಿತ್ತು. ಎತ್ತರ ಸುಮಾರು 1,365 ಮೀಟರ್. ಬುಡದ ಮಧುವನದಿಂದ ಹತ್ತುವುದು ಒಂಬತ್ತು ಕಿಲೋಮೀಟರ್, ಮೇಲೆ ಕೂಟದಿಂದ ಕೂಟಕ್ಕೆ ಸುತ್ತುವುದು ಒಂಬತ್ತು, ಇಳಿಯುವುದು ಒಂಬತ್ತು ಎಂದು ಯಾತ್ರಿಕರು ಲೆಕ್ಕ ಹೇಳುತ್ತಾರೆ. ಈ ಇಪ್ಪತ್ತೇಳು ಕಿಲೋಮೀಟರುಗಳನ್ನು ಬರಿಗಾಲಿನಲ್ಲಿ, ಬೆಳಗಿನ ಜಾವದ ಕತ್ತಲೆಯಲ್ಲಿ ಹೊರಟು, ಅನೇಕರು ನೀರನ್ನೂ ಮುಟ್ಟದೆ ಪೂರೈಸುತ್ತಾರೆ. ಅಲ್ಲಿಗೆ ಮುಟ್ಟುವ ಮೊದಲಿನ ರೈಲು ಪ್ರಯಾಣವೋ ದಿನಗಟ್ಟಲೆಯದು. ಆದಕಾರಣ ಸಾಧಾರಣ ಸ್ಥಿತಿಯ ಒಂದು ಮನೆಯು ಈ ಯಾತ್ರೆಗಾಗಿ ವರ್ಷಾನುಗಟ್ಟಲೆ ಹಣ ಕೂಡಿಸುತ್ತಿತ್ತು. ಶಿಖರಜಿಯ ದರ್ಶನವಾಗುವವರೆಗೆ ತುಪ್ಪವನ್ನೋ ಸಕ್ಕರೆಯನ್ನೋ ಬಿಟ್ಟಿರುವ ತಾಯಂದಿರು ಇರುತ್ತಿದ್ದರು. ಈ ಬಗೆಯ ತ್ಯಾಗಕ್ಕೆ ಕನ್ನಡನಾಡಿನಲ್ಲಿ ದೊಡ್ಡ ಮೇಲ್ಪಂಕ್ತಿಯೇ ಇದೆ. ಪೌದನಪುರದ ಬಾಹುಬಲಿಯನ್ನು ಕಾಣುವವರೆಗೆ ಹಾಲು ಸೇವಿಸೆನೆಂದು ಚಾವುಂಡರಾಯನ ತಾಯಿ ಕಾಳಲಾದೇವಿಯು ನಿಯಮ ಮಾಡಿದಳೆಂದೂ, ತಾಯಿಯನ್ನು ಕರೆದುಕೊಂಡು ಹೊರಟ ಮಗನು ದಾರಿಯಲ್ಲಿ ಬೆಳ್ಗೊಳದಲ್ಲಿ ತಂಗಿದನೆಂದೂ, ಪೌದನಪುರವು ಮನುಷ್ಯರಿಗೆ ಅಗಮ್ಯವೆಂದು ಸ್ವಪ್ನದಲ್ಲಿ ತಿಳಿದನೆಂದೂ ಐತಿಹ್ಯ. ಆ ಯಾತ್ರೆಯು ತನ್ನ ಗುರಿಯನ್ನು ಮುಟ್ಟಲೇ ಇಲ್ಲ. 981ರಲ್ಲಿ ಪ್ರತಿಷ್ಠಿತವಾದ ಗೊಮ್ಮಟೇಶ್ವರನು, ಐತಿಹ್ಯದ ದೃಷ್ಟಿಯಿಂದ ನೋಡಿದರೆ, ಒಂದು ಕುಟುಂಬದ ಪೂರೈಸದ ಯಾತ್ರೆಯ ಸ್ಮಾರಕವೇ ಸರಿ.

ಈಗ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಇಂತಹ ಮನೆ ಧಾರವಾಡದ ಸೀಮೆಯಲ್ಲಿಯೂ ಇರಬಹುದು, ಹಾಸನದ ಕಡೆಯಲ್ಲಿಯೂ ಇರಬಹುದು. ತಂದೆ, ತಾಯಿ, ಹನ್ನೊಂದು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳು, ಜೊತೆಗೆ ತಾಯಿಯ ತಮ್ಮ. ಎಂಟು ವರ್ಷ ಕೂಡಿಟ್ಟ ಹಣದಿಂದ 1984ರ ಚಳಿಗಾಲದಲ್ಲಿ ಅವರು ಶಿಖರಜಿಗೆ ಹೊರಟರು. ನೆರೆಯವರೊಬ್ಬರಿಂದ ತಂದೆಯು ಆಗ್ಫಾ ಕ್ಲಿಕ್ ಕ್ಯಾಮರಾವನ್ನು ಎರವಲು ತಂದಿದ್ದನು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಎರಡು ಸುರುಳಿಗಳಿಗಿಂತ ಹೆಚ್ಚು ಕೊಳ್ಳುವ ಶಕ್ತಿಯಿರಲಿಲ್ಲ. ಇಪ್ಪತ್ತನಾಲ್ಕರಲ್ಲಿ ಮೂರು ಬೆಳಕು ಬಿದ್ದು ಕೆಟ್ಟವು. ಉಳಿದ ಇಪ್ಪತ್ತೊಂದು ಕಪ್ಪು-ಬಿಳುಪು ಚಿತ್ರಗಳು ಒಂದು ಆಲ್ಬಮಿನಲ್ಲಿ ಸೇರಿದವು: ಪಾರಸನಾಥ ನಿಲ್ದಾಣದಲ್ಲಿ ಟ್ರಂಕಿನ ಮೇಲೆ ಕುಳಿತ ಮಕ್ಕಳು, ಮಧುವನದ ಧರ್ಮಶಾಲೆಯ ಜಗಲಿ, ಗೌತಮ ಗಣಧರರ ಕೂಟದ ಮೆಟ್ಟಿಲುಗಳು, ಮರಳುವಾಗ ಪಾವಾಪುರಿಯ ಜಲಮಂದಿರದ ಸೇತುವೆ. ಯಾತ್ರೆಯಾದ ಎರಡನೆಯ ವರ್ಷದಲ್ಲಿ ಕಿರಿಯ ಮಗನು ಜ್ವರದಿಂದ ತೀರಿಕೊಂಡನು. ಅವನ ಬೇರೆ ಯಾವ ಚಿತ್ರವೂ ಮನೆಯಲ್ಲಿರಲಿಲ್ಲ.

ತಂದೆಯೂ ಕಾಲಾಂತರದಲ್ಲಿ ಗತಿಸಿದನು. ತಾಯಿಯು ಸಪ್ತಮ ಪ್ರತಿಮೆಯನ್ನು, ಬಳಿಕ ಆರಂಭತ್ಯಾಗವನ್ನು ಸ್ವೀಕರಿಸಿ, ಅಡಿಗೆಮನೆಯ ಭಾರವನ್ನು ಸೊಸೆಗೆ ಬಿಟ್ಟಳು. ಈಗ ಒಂಬತ್ತನೆಯದಾದ ಪರಿಗ್ರಹತ್ಯಾಗ ಪ್ರತಿಮೆಗೆ ಸಿದ್ಧಳಾಗುತ್ತಿದ್ದಾಳೆ. ಒಡವೆಗಳು ಹಂಚಿಹೋದವು, ಕಪಾಟಿನ ಬೀಗದ ಕೈ ಸೊಸೆಯ ಸೊಂಟಕ್ಕೆ ಬಂತು. ನಾಲ್ಕು ಬಿಳಿಯ ಸೀರೆ, ಒಂದು ಪಾತ್ರೆ, ಚಾಪೆ, ಜಪಸರ, ಸ್ವಾಧ್ಯಾಯದ ಒಂದು ಗ್ರಂಥ ಇಷ್ಟೇ ಉಳಿದವು. ಇವುಗಳ ಜೊತೆಗೆ ಆ ಆಲ್ಬಮು. ಅದನ್ನು ಯಾವ ಪಟ್ಟಿಯಲ್ಲಿ ಸೇರಿಸಬೇಕೆಂದು ಅವಳು ಹಿರಿಯ ಮಗನನ್ನು ಕೇಳಿದಳು.

ಮಗನ ಉತ್ತರವು ನೇರವಾಗಿತ್ತು. ಶಾಸ್ತ್ರದಲ್ಲಿ ಬಾಹ್ಯ ಪರಿಗ್ರಹವನ್ನು ಹತ್ತು ವಿಧವಾಗಿ ಎಣಿಸಿದ್ದಾರೆ: ಹೊಲ, ಮನೆ, ಬೆಳ್ಳಿ, ಬಂಗಾರ, ಪಶು, ಧಾನ್ಯ, ಸೇವಕರು, ಬಟ್ಟೆ, ಪಾತ್ರೆ ಇತ್ಯಾದಿ. ನಲವತ್ತು ವರ್ಷದ ಹಳೆಯ ಕಾಗದದ ತುಂಡುಗಳಿಗೆ ಪೇಟೆಯಲ್ಲಿ ಕಾಸಿನ ಬೆಲೆಯಿಲ್ಲ. ಅವು ಯಾವ ವಿಧಕ್ಕೂ ಸೇರುವುದಿಲ್ಲ. ಅಲ್ಲದೆ ಅವು ತೀರ್ಥಕ್ಷೇತ್ರದ ಚಿತ್ರಗಳು. ಇಷ್ಟು ಹೇಳಿ ಅವನು ಮಾತು ಮುಗಿಸಿದನು. ತಾಯಿಗೆ ಸಮಾಧಾನವಾಗಲಿಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನ ಹೆಸರನ್ನೇ ಎತ್ತದೆ ಮೂರ್ಛೆಯನ್ನು, ಅಂದರೆ ‘ಇದು ನನ್ನದು’ ಎಂದು ಮನಸ್ಸು ಮಂಕಾಗಿ ಅಂಟಿಕೊಳ್ಳುವುದನ್ನು, ಪರಿಗ್ರಹವೆಂದರು. ಆ ಲಕ್ಷಣದ ಪ್ರಕಾರ ಹಂಚಿಹೋದ ಒಡವೆಗಳು ಅವಳಿಗೆ ಎಂದೋ ಪರಿಗ್ರಹವಾಗಿ ಉಳಿದಿರಲಿಲ್ಲ. ಬೆಲೆಯಿಲ್ಲದ ಕಾಗದದ ಈ ತುಂಡುಗಳೇ ಮನೆಯಲ್ಲಿ ಅವಳಿಗಿದ್ದ ದೊಡ್ಡ ಆಸ್ತಿ. ಮಗನು ಬೆಲೆಯನ್ನು ನೋಡಿ ಮಾತನಾಡಿದನು, ತಾಯಿಯು ತನ್ನ ಎದೆಯನ್ನು ನೋಡಿಕೊಂಡು ಕೇಳಿದ್ದಳು.

ಹಾಗಾದರೆ ಕಾಪಾಡಿಡುವುದೆಲ್ಲವೂ ದೋಷವೆಂದು ಹೇಳಿಬಿಡಬಹುದೇ? ಹಾಗೆ ಹೇಳುವವನು ಶ್ರುತಪರಂಪರೆಯನ್ನು ಮರೆತವನು. ಗಿರಿನಗರದ ಚಂದ್ರಗುಹೆಯಲ್ಲಿ ವಾಸಿಸುತ್ತಿದ್ದ ಧರಸೇನಾಚಾರ್ಯರಿಗೆ ಮೈಮೇಲಿನ ಬಟ್ಟೆಯೂ ತಮ್ಮದಾಗಿರಲಿಲ್ಲ. ಆದರೂ ಮುನಿಗಳ ಧಾರಣಾಶಕ್ತಿಯು ದಿನೇ ದಿನೇ ಕುಂದುತ್ತಿರುವುದನ್ನು ಕಂಡು, ತಮ್ಮೊಂದಿಗೆ ಶ್ರುತವು ಅಳಿಯಬಾರದೆಂಬ ಕಳಕಳಿಯಿಂದ ಪುಷ್ಪದಂತ ಮತ್ತು ಭೂತಬಲಿಗಳನ್ನು ಕರೆಸಿ ಕಲಿಸಿದರು. ಆ ಶಿಷ್ಯರು ಷಟ್‌ಖಂಡಾಗಮವನ್ನು ರಚಿಸಿದರು. ಅದು ಪೂರ್ಣವಾದ ಜ್ಯೇಷ್ಠ ಶುದ್ಧ ಪಂಚಮಿಯೇ ಶ್ರುತಪಂಚಮಿ. ಅದರ ಧವಲಾ ಟೀಕೆಯ ಪ್ರಾಚೀನ ಓಲೆಗಳು ಮೂಡಬಿದಿರೆಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದವು. ಇಲ್ಲಿ ಒಂದು ಕಹಿ ಸಂಗತಿಯನ್ನೂ ಹೇಳಬೇಕು. ಶತಮಾನಗಳವರೆಗೆ ಆ ಓಲೆಗಳಿಗೆ ದರ್ಶನವಿತ್ತು, ಅಧ್ಯಯನವಿರಲಿಲ್ಲ. ಭಕ್ತರು ಕೈಮುಗಿದು ಹೋಗುತ್ತಿದ್ದರು. ಗರಿಗಳು ಒಳಗೇ ಶಿಥಿಲವಾಗುತ್ತಿದ್ದವು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಪ್ರತಿ ಮಾಡುವ ಕಾರ್ಯ ತೊಡಗಿ, 1939ರಲ್ಲಿ ಪ್ರೊಫೆಸರ್ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಧವಲೆಯ ಮೊದಲ ಸಂಪುಟವು ಅಚ್ಚಾಗಿ ಬಂದಿತು. ಕಟ್ಟಿಟ್ಟರೆ ಮಾತ್ರ ಉಳಿಯುವುದೆಂಬ ನಂಬಿಕೆಯು ಅರ್ಧಸತ್ಯವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯು ಈ ಮರ್ಮವನ್ನು ಹತ್ತನೆಯ ಶತಮಾನದಲ್ಲಿಯೇ ಅರಿತಿದ್ದಳು.

ಆದರೆ ಆಗಮಕ್ಕೂ ಮನೆಯ ಆಲ್ಬಮಿಗೂ ಏನು ಹೋಲಿಕೆ ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದದ್ದೇ. ಶ್ರುತವನ್ನು ಉಳಿಸಿದ್ದು ಎಲ್ಲ ಭವ್ಯರ ಹಿತಕ್ಕಾಗಿ, ಆಲ್ಬಮನ್ನು ಉಳಿಸುವುದು ನಮ್ಮವರು ಎಂಬ ಕಾರಣಕ್ಕಾಗಿ. ಧರಸೇನರು ಕಲಿಸಿ ಮುಗಿಸಿದ ಕೂಡಲೆ ಶಿಷ್ಯರನ್ನು ಬೀಳ್ಕೊಟ್ಟರು. ಗೃಹಸ್ಥನು ತನ್ನದೆಂದ ಚಿತ್ರವನ್ನು ಬಿಡಲಾರನು. ಹೋಲಿಕೆಯಿಂದ ಇಷ್ಟೇ ಸಿದ್ಧವಾಗುತ್ತದೆ: ದೋಷವು ಕಾಪಾಡುವ ಕ್ರಿಯೆಯಲ್ಲಿಲ್ಲ. ಅದು ಎಲ್ಲಿದೆಯೆಂಬುದನ್ನು ಇನ್ನೂ ಹುಡುಕಬೇಕು.

ಹುಡುಕುವ ಮೊದಲು ಸ್ಮರಣೆಯ ಸ್ಥಾನವೇನೆಂಬುದನ್ನು ನೋಡುವುದು ಅವಶ್ಯ. ಈ ವಿಷಯದಲ್ಲಿ ಜೈನ ನ್ಯಾಯವು ಇತರರಿಂದ ಬೇರೆಯಾಗಿ ನಿಲ್ಲುತ್ತದೆ. ನೈಯಾಯಿಕರು, ಮೀಮಾಂಸಕರು ಮೊದಲಾದವರು ಸ್ಮೃತಿಯನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಹಿಂದೆ ತಿಳಿದದ್ದನ್ನೇ ಅದು ಮತ್ತೆ ಹೇಳುತ್ತದೆಯಷ್ಟೇ ಎಂಬುದು ಅವರ ವಾದ. ಅಕಲಂಕದೇವರು ಮತ್ತು ಅವರನ್ನು ಅನುಸರಿಸಿ ಪರೀಕ್ಷಾಮುಖವನ್ನು ರಚಿಸಿದ ಮಾಣಿಕ್ಯನಂದಿಗಳು ಸ್ಮೃತಿಯನ್ನು ಪರೋಕ್ಷ ಪ್ರಮಾಣಗಳಲ್ಲಿ ಮೊದಲನೆಯದಾಗಿ ಎಣಿಸಿದರು. ಇಂದ್ರಿಯವು ವಸ್ತುವನ್ನು ಮೊದಲು ಸ್ಪರ್ಶಿಸುವ ಅವಗ್ರಹ, ವಿಶೇಷವನ್ನು ತಿಳಿಯಬಯಸುವ ಈಹಾ, ನಿಶ್ಚಯಿಸುವ ಅವಾಯ, ನಿಶ್ಚಯವನ್ನು ಹಿಡಿದಿಡುವ ಧಾರಣಾ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಮತಿಜ್ಞಾನವು ನಡೆಯುತ್ತದೆ. ಧಾರಣೆಯು ಗಟ್ಟಿಯಾಗಿದ್ದರೆ ಕಾಲಾಂತರದಲ್ಲಿ ‘ಅದು’ ಎಂಬ ಆಕಾರದಲ್ಲಿ ಸ್ಮೃತಿಯು ಹುಟ್ಟುತ್ತದೆ. ಎದುರಿಗಿರುವುದನ್ನು ನೆನಪಿನೊಡನೆ ಕೂಡಿಸಿದಾಗ ‘ಇದು ಅದೇ’ ಎಂಬ ಪ್ರತ್ಯಭಿಜ್ಞಾನವಾಗುತ್ತದೆ. ಗೃಹಸ್ಥನ ನಿತ್ಯವ್ಯವಹಾರವೆಲ್ಲವೂ, ವ್ರತಪಾಲನೆಯೂ ಸಹ, ಇದರ ಮೇಲೆಯೇ ನಿಂತಿದೆ. ನಿನ್ನೆ ಮಾಡಿದ ಪ್ರತಿಜ್ಞೆಯನ್ನು ಇಂದು ನೆನೆಯದವನು ಯಾವುದನ್ನು ಪಾಲಿಸಬಲ್ಲನು? ವ್ರತದ ಅತಿಚಾರಗಳಲ್ಲಿ ಮರೆವೂ ಒಂದಾಗಿರುವುದು ಇದಕ್ಕಾಗಿಯೇ.

ಆದರೆ ಪ್ರಮಾಣವಿರುವಲ್ಲಿ ಆಭಾಸವೂ ಇರುತ್ತದೆ. ಸುಳ್ಳು ನೆನಪನ್ನು ಆಚಾರ್ಯರು ಸ್ಮರಣಾಭಾಸವೆಂದು ಕರೆದಿದ್ದಾರೆ. ಮೇಲೆ ಹೇಳಿದ ಮನೆಯಲ್ಲಿ ಇದರ ಒಂದು ಸಣ್ಣ ಜಗಳವು ಬಹುಕಾಲದಿಂದ ನಡೆದುಬಂದಿತ್ತು. ತನ್ನ ಕಿರಿಯ ಮಗನು ಆರನೆಯ ವಯಸ್ಸಿನಲ್ಲಿ ಇಡೀ ಪರ್ವತವನ್ನು ತನ್ನ ಕಾಲಿನಿಂದಲೇ ಹತ್ತಿದನೆಂದು ತಾಯಿಯು ಹೇಳುತ್ತಿದ್ದಳು. ಹೇಳಿ ಹೇಳಿ ಅದು ಮನೆಯ ಪುರಾಣವಾಗಿತ್ತು. ಆಲ್ಬಮಿನ ಚಿತ್ರದಲ್ಲಿಯೋ, ಗೌತಮ ಗಣಧರರ ಕೂಟದ ಮೆಟ್ಟಿಲಿನ ಮೇಲೆ ಆ ಮಗುವು ಸೋದರಮಾವನ ಹೆಗಲನ್ನೇರಿ ಕುಳಿತಿದೆ. ಚಿತ್ರ ತೆಗೆಯುವುದಕ್ಕಾಗಿ ಮಾತ್ರ ಅವನನ್ನು ಎತ್ತಿಕೊಂಡರು ಎಂಬುದು ತಾಯಿಯ ಸಮಜಾಯಿಷಿ. ಸೀತಾ ನಾಲಾದ ಹತ್ತಿರ ಕಲ್ಲು ತಾಗಿ ತಮ್ಮನ ಕಾಲು ಒಡೆದು, ಅಲ್ಲಿಂದ ಮುಂದೆ ಮಾವನೇ ಹೊತ್ತನೆಂದು ಹಿರಿಯ ಮಗನ ನೆನಪು. ಸತ್ತ ಮಗುವಿನ ಕೀರ್ತಿಯನ್ನು ಕುಂದಿಸುವವನಂತೆ ಕಾಣಬಾರದೆಂದು ಅವನು ವಾದಿಸದೆ ಸುಮ್ಮನಾಗುತ್ತಿದ್ದನು.

ಇಲ್ಲಿ ಛಾಯಾಚಿತ್ರದ ಒಂದು ಗುಣವು ಕಾಣುತ್ತದೆ. ಪ್ರೀತಿಯು ಎಲ್ಲಿ ನೆನಪನ್ನು ತನಗೆ ಬೇಕಾದಂತೆ ತಿದ್ದುತ್ತದೆಯೋ ಅಲ್ಲಿ ಚಿತ್ರವು ತಿದ್ದುವುದಿಲ್ಲ. ಆದರೆ ಅದಕ್ಕೆ ಗೊತ್ತಿರುವುದು ಒಂದೇ ಕ್ಷಣ. ದ್ರವ್ಯವು ನಿತ್ಯ, ಪರ್ಯಾಯವು ಉತ್ಪಾದವ್ಯಯಗಳಿಗೆ ಒಳಪಟ್ಟದ್ದು. ಕ್ಯಾಮರಾದ ಪರದೆಯು ತೆರೆದು ಮುಚ್ಚುವ ಕ್ಷಣಮಾತ್ರದಲ್ಲಿ ಅನಂತ ಪರ್ಯಾಯಗಳಲ್ಲಿ ಒಂದರ ಹೊರಮೈಯನ್ನು ಮಾತ್ರ ಅದು ಹಿಡಿಯುತ್ತದೆ. ಹಿಡಿಯುವಷ್ಟರಲ್ಲಿ ಆ ಪರ್ಯಾಯವು ಕಳೆದುಹೋಗಿರುತ್ತದೆ. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಲ್ಲಿ ಚಿತ್ರವು ಎರಡನೆಯದಕ್ಕೆ ಸೇರಿದ್ದು. ಚಿತ್ರವನ್ನು ನೋಡಿ ‘ಇವನು ನನ್ನ ಮಗ’ ಎಂದರೆ ಅದು ಸ್ಥಾಪನೆಯಿಂದ ಆಡಿದ ಮಾತು. ಆಡಿದವಳಿಗೆ ಅದರ ಅರಿವಿದ್ದರೆ ದೋಷವಿಲ್ಲ. ಆ ಜೀವವು ಇಷ್ಟರಲ್ಲಿ ಯಾವ ಗತಿಯಲ್ಲಿ ಯಾರನ್ನು ತಾಯಿಯೆಂದು ಕರೆಯುತ್ತಿದೆಯೋ!

ಶಿಖರಜಿಯ ಕೂಟಗಳಲ್ಲಿ ಯಾತ್ರಿಕರು ವಂದಿಸುವುದು ಚರಣಚಿಹ್ನೆಗಳನ್ನು. ಅಷ್ಟು ದೂರ ನಡೆದು, ಚಂದ್ರಪ್ರಭ ಭಗವಂತರ ಲಲಿತ ಕೂಟದಂತಹ ಒಂಟಿ ಶಿಖರಕ್ಕೆ ಏದುಸಿರು ಬಿಡುತ್ತ ಹತ್ತಿ ಹೋದವನಿಗೆ ಅಲ್ಲಿ ಕಾಣುವುದು ಎರಡು ಪಾದಗಳ ಗುರುತು; ಇಲ್ಲಿಂದ ಹೋದರು ಎಂಬುದಷ್ಟೇ ಅದರ ಅರ್ಥ. ಬಸದಿಗಳಲ್ಲಿರುವ ಸಿದ್ಧಪ್ರತಿಮೆಯು ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಲೋಹದ ತಗಡಿನಲ್ಲಿ ಪುರುಷಾಕಾರವನ್ನು ಕೊರೆದು ತೆಗೆದು, ಉಳಿದ ಬಯಲನ್ನೇ ಸಿದ್ಧರೆಂದು ತೋರಿಸಲಾಗುತ್ತದೆ. ಹೋದವರನ್ನು ಹಿಡಿದಿಟ್ಟುಕೊಳ್ಳದೆ ನೆನೆಯುವ ಬಗೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಕಲಿಸುವ ಸಾಧನವನ್ನು ಹೇಳುವುದು ಕಷ್ಟ. ಆದರೂ ಮಕ್ಕಳನ್ನು ಬಸದಿಗೆ ಕರೆದೊಯ್ದ ಹಿರಿಯರಲ್ಲಿ ಎಷ್ಟು ಮಂದಿ ಆ ತಗಡಿನ ಮುಂದೆ ನಿಂತು ಅದರ ಅರ್ಥವನ್ನು ಬಿಡಿಸಿ ಹೇಳುತ್ತಾರೆ?

2023ರಲ್ಲಿ ಆ ಮನೆಯ ಮೊಮ್ಮಗಳು ಗೆಳತಿಯರೊಡನೆ ಶಿಖರಜಿಗೆ ಹೋಗಿ ಬಂದಳು. ಅವಳ ಮೊಬೈಲಿನಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರಗಳು. ಅಜ್ಜಿಯ ಇಪ್ಪತ್ತೊಂದು ಚಿತ್ರಗಳಲ್ಲಿ ಪ್ರತಿಯೊಂದಕ್ಕೂ ಒಂದು ಕಥೆಯಿತ್ತು. ಈ ಸಾವಿರದಲ್ಲಿ ಯಾವುದು ಯಾವ ಕೂಟವೆಂದು ಹೇಳಲು ಅವಳಿಗೆ ಮೂರೇ ತಿಂಗಳಲ್ಲಿ ಆಗಲಿಲ್ಲ. ಇದನ್ನು ಹೊಸ ತಲೆಮಾರಿನ ದೋಷವೆನ್ನುವುದು ಸುಲಭ, ಆದರೆ ಸರಿಯಲ್ಲ. ಎರಡೇ ಸುರುಳಿ ಕೊಳ್ಳುವ ಬಡತನವು ಅಜ್ಜನ ಕೈಯಲ್ಲಿ ತಾನಾಗಿಯೇ ಪರಿಮಾಣ ವ್ರತವನ್ನು ಮಾಡಿಸಿತ್ತು. ಅದರ ಪುಣ್ಯವನ್ನು ಅವನ ಲೆಕ್ಕಕ್ಕೆ ಬರೆಯುವುದು ಉಚಿತವಲ್ಲ. ಪರಿಮಾಣವಿಲ್ಲದ ಸಾಧನವು ಕೈಗೆ ಬಂದಾಗ ಮಾಡಿದ ಪರಿಮಾಣವೇ ವ್ರತ. ಈಗಿನ ಪರಿಗ್ರಹದ ಪಟ್ಟಿಯಲ್ಲಿ ಮೊಬೈಲು ಒಂದೇ ವಸ್ತುವಾಗಿ ಎಣಿಕೆಯಾಗುತ್ತದೆ, ಅದರ ಹೊಟ್ಟೆಯೊಳಗಿನದನ್ನು ಯಾರೂ ಎಣಿಸುವುದಿಲ್ಲ. ಸಮಂತಭದ್ರಾಚಾರ್ಯರು ಭೋಗೋಪಭೋಗದ ಮಿತಿಯನ್ನು ಹೇಳುವಾಗ ಯಾವಜ್ಜೀವದ ಯಮವನ್ನೂ ಕಾಲಾವಧಿಯ ನಿಯಮವನ್ನೂ ಬೇರೆಯಾಗಿಸಿದ್ದಾರೆ. ಮಧುವನವನ್ನು ಬಿಟ್ಟು ಮತ್ತೆ ಮಧುವನಕ್ಕೆ ಮರಳುವವರೆಗೆ ಚಿತ್ರ ತೆಗೆಯುವುದಿಲ್ಲವೆಂದೋ, ಹನ್ನೆರಡಕ್ಕಿಂತ ಹೆಚ್ಚು ತೆಗೆಯುವುದಿಲ್ಲವೆಂದೋ ಒಂದು ದಿನದ ನಿಯಮ ಮಾಡಿಕೊಳ್ಳಲು ಇಂದಿನ ಯುವಕ-ಯುವತಿಯರಿಗೆ ಅಡ್ಡಿಯೇನೂ ಇಲ್ಲ. ಆ ಪರ್ವತವನ್ನು ಪ್ರವಾಸಿ ಸ್ಥಳದಂತೆ ಬಳಸಬಾರದೆಂದು ದೇಶದಾದ್ಯಂತ ಜೈನ ಸಮಾಜವು ಧ್ವನಿಯೆತ್ತಿ, 2023ರ ಜನವರಿ 5ರಂದು ಕೇಂದ್ರ ಸರಕಾರವು ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ಹಾಕಿತು. ಸರಕಾರದಿಂದ ಅದನ್ನು ಕೇಳಿದ ಸಮಾಜವು ತನ್ನ ಕೈಯಲ್ಲಿರುವ ಮೊಬೈಲಿಗೂ ಅದೇ ಪ್ರಶ್ನೆಯನ್ನು ಕೇಳಬೇಕಾಗುತ್ತದೆ.

ಕಾಪಾಡುವ ವಿಧಾನದಲ್ಲಿಯೂ ಅಹಿಂಸೆಯ ವಿಚಾರವುಂಟು. ಹಳೆಯ ಫಿಲ್ಮಿನ ಮೇಲೂ ಫೋಟೋ ಕಾಗದದ ಮೇಲೂ ಬೆಳ್ಳಿಯ ಕಣಗಳನ್ನು ಹಿಡಿದಿಟ್ಟಿರುವ ಪೊರೆಯು ಜಿಲೆಟಿನ್. ಅದು ದನಗಳ ಎಲುಬು ಮತ್ತು ಚರ್ಮದಿಂದ ಬರುವ ಪದಾರ್ಥ. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯನು ಅದರ ಉಪಯೋಗವನ್ನು ಪ್ರಕಟಿಸಿದಂದಿನಿಂದ ಛಾಯಾಗ್ರಹಣವು ಅದರ ಮೇಲೆಯೇ ನಿಂತಿತು. 1920ರ ದಶಕದಲ್ಲಿ ಕೊಡಕ್ ಸಂಸ್ಥೆಯ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡನು ಫಿಲ್ಮಿನ ಸೂಕ್ಷ್ಮತೆಗೆ ಕಾರಣವನ್ನು ಹುಡುಕುತ್ತ ಹೋದಾಗ, ದನಗಳು ಮೇದ ಸಾಸಿವೆ ಜಾತಿಯ ಗಿಡಗಳ ಗಂಧಕದ ಅಂಶವು ಜಿಲೆಟಿನ್ನಿನಲ್ಲಿ ಉಳಿದಿರುವುದು ಕಂಡಿತು. ಪ್ರಾಣಿಯು ಮೇದ ಮೇವಿನ ಗುರುತೂ ಚಿತ್ರದೊಳಗಿರುತ್ತದೆ! ಮಿಠಾಯಿಯಲ್ಲಿ ಜಿಲೆಟಿನ್ ಇದೆಯೆಂದು ಮಕ್ಕಳ ಕೈಯಿಂದ ಕಸಿದುಕೊಳ್ಳುವ ಮನೆಗಳಲ್ಲಿ ಈ ಸಂಗತಿಯು ಬಹಳ ಮಂದಿಗೆ ತಿಳಿದಿರುವುದಿಲ್ಲ. ತಿಳಿದ ಮೇಲೆ ಹಳೆಯ ಚಿತ್ರಗಳನ್ನು ಸುಡಬೇಕೇ? ಸುಡುವುದರಿಂದ ಯಾವ ಜೀವಕ್ಕೂ ದಯೆ ತೋರಿಸಿದಂತಾಗುವುದಿಲ್ಲ. ಅರಿಯದೆ ಆದ ದೋಷಕ್ಕೆ ಆಲೋಚನೆಯೇ ಮಾರ್ಗ. ಆದರೆ ಅರಿತ ಮೇಲೆ ಹೊಸದಾಗಿ ಪ್ರತಿಗಳನ್ನು ಮಾಡಿಸುವುದು ಬೇರೆ ಮಾತು. ಮೊಬೈಲಿನ ಚಿತ್ರವನ್ನು ಅಂಗಡಿಯಲ್ಲಿ ಮುದ್ರಿಸುವ ಕಾಗದದಲ್ಲಿಯೂ ಅನೇಕ ಕಡೆ ಅದೇ ಪೊರೆಯಿರುತ್ತದೆ. ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ ಎರಡನೆಯದು ಅಲ್ಲಿ ತಪ್ಪುವುದಿಲ್ಲ. ಯಂತ್ರದಿಂದ ನಕಲು ತೆಗೆದು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಎರಡು ಕಡೆ ಇಟ್ಟುಕೊಳ್ಳುವುದು ಮೇಲು. ಒಂದೇ ಕಡೆ ಇಟ್ಟದ್ದು, ಅತ್ತಿಮಬ್ಬೆಯ ಕಾಲದಂತೆ ಈ ಕಾಲದಲ್ಲಿಯೂ, ಒಂದು ದಿನ ಹೋಗುತ್ತದೆ.

ಮೂಲ ಚಿತ್ರಗಳ ವಿಷಯದಲ್ಲಿ ಜೈನ ಗೃಹಿಣಿಗೆ ಹೊಸದಾಗಿ ಕಲಿಸಬೇಕಾದದ್ದು ಕಡಿಮೆ. ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ಎಂದು ಮರ್ಯಾದೆ ಇಟ್ಟ ಕೈಗೆ, ಜೀವೋತ್ಪತ್ತಿಯಾದ ಮೇಲೆ ಕೊಲ್ಲುವುದಕ್ಕಿಂತ ಉತ್ಪತ್ತಿಗೇ ಎಡೆಗೊಡದಿರುವುದು ಧರ್ಮವೆಂಬ ಸೂಕ್ಷ್ಮ ಗೊತ್ತೇ ಇದೆ. ಜಿಲೆಟಿನ್ ತೇವವನ್ನು ಹೀರಿಕೊಳ್ಳುತ್ತದೆ. ತೇವಕ್ಕೆ ಬೂಸಲು, ಬೂಸಲಿಗೆ ಹುಳು. ನುಸಿಗುಳಿಗೆಯಿಟ್ಟು ಹುಳುಗಳನ್ನು ಕೊಲ್ಲುವ ಬದಲು ಚಿತ್ರಗಳನ್ನು ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದ ಒಣ ಜಾಗದಲ್ಲಿ, ಬಿಸಿಲು ಬೀಳದಂತೆ ಇಡಬೇಕು. ಶ್ರುತಪಂಚಮಿಯಂದು ಗ್ರಂಥಗಳ ವೇಷ್ಟನವನ್ನು ಬದಲಿಸುವಾಗ ಆಲ್ಬಮನ್ನೂ ಒಮ್ಮೆ ತೆರೆದು ಗಾಳಿಗಿಟ್ಟರಾಯಿತು. ಅಂಟು ಬಳಿದ ಹಾಳೆಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ ಆಲ್ಬಮುಗಳು ಚಿತ್ರಗಳನ್ನು ಕೆಡಿಸುತ್ತವೆ. ಗಾಜಿಗೆ ಒತ್ತಿಟ್ಟ ಚಿತ್ರವು ಮಳೆಗಾಲದಲ್ಲಿ ಗಾಜಿಗೇ ಹತ್ತಿಕೊಳ್ಳುತ್ತದೆ. ಬಣ್ಣದ ಚಿತ್ರಗಳು ಕತ್ತಲೆಯಲ್ಲಿಟ್ಟರೂ ಮೆಲ್ಲಗೆ ಮಾಸುತ್ತವೆ. ಬೆಳ್ಳಿಯಿಂದಾದ ಕಪ್ಪು-ಬಿಳುಪು ಚಿತ್ರವು ಅವುಗಳಿಗಿಂತ ಹೆಚ್ಚು ಬಾಳುತ್ತದೆ. ಹಿಂಬದಿಯಲ್ಲಿ ಹೆಸರು, ಊರು, ಇಸವಿಗಳನ್ನು ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯಬೇಕು, ಶಾಯಿಯು ಮುಂಬದಿಗೆ ಇಳಿಯುತ್ತದೆ. ಹೆಸರು ಬರೆಯದ ಚಿತ್ರವು ಮೂರನೆಯ ತಲೆಮಾರಿನಲ್ಲಿ ಯಾರದೋ ಚಿತ್ರವಾಗಿಬಿಡುತ್ತದೆ.

ಇಷ್ಟು ಜತನವು ಬೇಕೇ ಎಂದರೆ, ಇಲ್ಲಿಯೇ ಆ ತಾಯಿಯ ಪ್ರಶ್ನೆಯು ಮತ್ತೆ ತಲೆಯೆತ್ತುತ್ತದೆ. ವಿಷಯಗಳನ್ನು ಸಂರಕ್ಷಿಸುವ ಚಿಂತೆಯಲ್ಲಿ ತಲ್ಲೀನನಾಗುವುದನ್ನು ರೌದ್ರಧ್ಯಾನದ ನಾಲ್ಕನೆಯ ಭೇದವೆಂದು ಸೂತ್ರಕಾರರು ಹೇಳಿದ್ದಾರೆ. ಇಷ್ಟವಾದದ್ದು ಅಗಲಿತೆಂದು ಮತ್ತೆ ಮತ್ತೆ ಕೊರಗುವುದು ಆರ್ತಧ್ಯಾನ. ಕಾಪಾಡುವವನು ಮೊದಲನೆಯದಕ್ಕೆ ಸಿಕ್ಕಬಹುದು, ಕಳೆದುಕೊಂಡವನು ಎರಡನೆಯದಕ್ಕೆ. ಸಲ್ಲೇಖನೆಯ ಅತಿಚಾರಗಳ ವಿಷಯವು ಇನ್ನೂ ಗಂಭೀರವಾದದ್ದು. ಬದುಕಿನ ಆಸೆ, ಮರಣದ ಆಸೆ ಮತ್ತು ನಿದಾನಗಳ ಜೊತೆಗೆ ಮಿತ್ರಾನುರಾಗ ಮತ್ತು ಸುಖಾನುಬಂಧಗಳನ್ನು ಆಚಾರ್ಯರು ಸೇರಿಸಿದರು. ಪ್ರಿಯರಾದವರನ್ನು ಅನುರಾಗದಿಂದ ನೆನೆಯುವುದು, ಹಿಂದೆ ಪಟ್ಟ ಸುಖವನ್ನು ಮತ್ತೆ ಮತ್ತೆ ಮೆಲುಕುಹಾಕುವುದು. ಬದುಕಿನುದ್ದಕ್ಕೂ ನಿರ್ದೋಷವೆನಿಸಿದ ಈ ಎರಡು ಕೊನೆಯ ಹೊತ್ತಿನಲ್ಲಿ ದೋಷಗಳ ಸಾಲಿಗೆ ಬರುತ್ತವೆ. ಗೃಹಸ್ಥನಾಗಿದ್ದಾಗ ಯಾತ್ರೆಯ ಚಿತ್ರವನ್ನು ನೋಡಿ ಹಿಗ್ಗುವುದು ಧರ್ಮಾನುಮೋದನೆ. ಮೆಟ್ಟಿಲು ಮೇಲೇರಿದಂತೆ ಅದೇ ಚಿತ್ರವು ಕಾಲಿಗೆ ತೊಡರುತ್ತದೆ. ಚಿತ್ರವು ಬದಲಾಗಿಲ್ಲ, ನಿಂತ ಮೆಟ್ಟಿಲು ಬದಲಾಗಿದೆ. ಮಗನೂ ತಾಯಿಯೂ ಇಬ್ಬರೂ ಸರಿಯಾಗಿ ಹೇಳಿ ಒಬ್ಬರನ್ನೊಬ್ಬರು ಒಪ್ಪಿಸಲಾರದೆ ಹೋದದ್ದು ಇದರಿಂದ.

ಆ ತಾಯಿಯು ತನ್ನ ನಿರ್ಣಯವನ್ನು ಯಾರೊಡನೆಯೂ ಚರ್ಚಿಸಲಿಲ್ಲ. ಚಿತ್ರಗಳನ್ನು ಹರಿದುಹಾಕುವ ವಿಚಾರವು ಅವಳಿಗೆ ಬಂದಿತ್ತು. ತನ್ನ ವ್ರತಕ್ಕಾಗಿ ಹಿರಿಯ ಮಗನ ಕೈಯಿಂದ ಅವನ ತಮ್ಮನನ್ನು ಕಿತ್ತುಕೊಳ್ಳುವುದು ತ್ಯಾಗವಾಗಲಾರದೆಂದು ಅದನ್ನು ಕೈಬಿಟ್ಟಳು. ತನ್ನದನ್ನು ಬಿಡಬಹುದೇ ಹೊರತು ಇತರರದನ್ನಲ್ಲ. ವ್ರತದ ಹಿಂದಿನ ದಿನ ಅವಳು ಮೊಮ್ಮಗಳನ್ನು ಕರೆದು ಆಲ್ಬಮನ್ನು ಕೊಟ್ಟು, ಇನ್ನು ಮುಂದೆ ಅದನ್ನು ತನ್ನ ಕಣ್ಣ ಮುಂದೆ ತರಬಾರದೆಂದೂ, ಪ್ರತಿಯೊಂದು ಚಿತ್ರದ ಹಿಂದೆ ಯಾರು, ಎಲ್ಲಿ ಎಂಬುದನ್ನು ಬರೆದಿಡಬೇಕೆಂದೂ ಹೇಳಿದಳು. ಮಗನು ಬಾಗಿಲಲ್ಲಿ ನಿಂತು ನೋಡಿದನು, ಏನೂ ಹೇಳಲಿಲ್ಲ. ಅಂದಿನಿಂದ ಅವನು ಕೆಲವು ದಿನ ತಾಯಿಯ ಕೋಣೆಗೆ ಬಾರದೆ ಹೊರಗಿನಿಂದಲೇ ಮಾತನಾಡಿಸುತ್ತಿದ್ದನು. ವ್ರತಿಗಳ ಮನೆಯವರ ಈ ನೋವನ್ನು ವ್ರತದ ಪುಸ್ತಕಗಳು ಹೆಚ್ಚಾಗಿ ಬರೆಯುವುದಿಲ್ಲ.

ಒಂದು ಸಂಜೆ, ಸಾಮಾಯಿಕ ಮುಗಿದು ತಾಯಿಯು ಜಪಸರವನ್ನು ಚೀಲಕ್ಕೆ ಹಾಕುತ್ತಿದ್ದಾಗ, ನಡುಮನೆಯಿಂದ ಮೊಮ್ಮಗಳು ಕೂಗಿ ಕೇಳಿದಳು: “ಅಜ್ಜಿ, ಮೆಟ್ಟಿಲ ಮೇಲಿನ ಈ ಚಿತ್ರ ಯಾವ ಕೂಟದ್ದು? ಏನೆಂದು ಬರೆಯಲಿ?”

ಮಗನು ಪಕ್ಕದಲ್ಲಿಯೇ ಕುಳಿತಿದ್ದನು. ಕೋಣೆಯೊಳಗಿನಿಂದ ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ.

“ಗೌತಮ ಗಣಧರರದು. ನಿಮ್ಮ ಚಿಕ್ಕಪ್ಪ ಸೀತಾ ನಾಲಾದಿಂದಲೇ ಮಾವನ ಹೆಗಲ ಮೇಲಿದ್ದ. ಹಾಗೆಯೇ ಬರೆ.”